ಬಂಗಡೆ ನಂಜೇ?

ಕಾರವಾರದಲ್ಲಿರುವ ನಮ್ಮ ಚಿಕ್ಕಮ್ಮನ ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಸ್ತನ ಕ್ಯಾನ್ಸರಿಗೆ ಕೀಮೋ, ಆಪರೇಷನ್, ರೇಡಿಯೇಶನ್ ಎಲ್ಲ ಮುಗಿಸಿ ಅವಳು ಮನೆಗೆ ಬಂದ ವಾರವೇ ತಯಾರಾದ ಹಾಳೆ ಅದು. ಬರೆಸಿದವರು ಡಾಕ್ಟರಲ್ಲ. ನೋಡಿಕೊಂಡು ಹೋಗಲು ಬಂದ ನೆಂಟರು, ಅಕ್ಕಪಕ್ಕದವರು ಹೇಳಿದ್ದನ್ನೆಲ್ಲ ಅವಳ ಮಗಳು ಬರೆದಿಟ್ಟಿದ್ದಳು. ಬಂಗಡೆ ಮೀನು ನಂಜು, ಅಂದರೆ ಗಾಯ, ಕಾಯಿಲೆ ಕೆರಳಿಸುವಂಥದ್ದು. ತಾರ್ಲೆ ಮೀನೂ ನಂಜು. ಶೆಟ್ಲಿ (ಸಿಗಡಿ), ಮೊಟ್ಟೆ, ಬದನೆಕಾಯಿ, ಕೆಸು, ಹಲಸು ಎಲ್ಲವೂ ನಂಜು. ಉದ್ದು ವಾಯು. ಹಾಲು ಕಫ. ಸಕ್ಕರೆ ಬೇಡವೇ ಬೇಡ, ಕ್ಯಾನ್ಸರ್ ಅದನ್ನೇ ತಿಂದು ಬೆಳೆಯುತ್ತದೆ. ಸೋಯಾ ಅಂತೂ ಮುಟ್ಟಬಾರದು.

ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಊಟದ ಬಗ್ಗೆ ಇದ್ದದ್ದು ಎರಡೇ ಪದ: ಪೌಷ್ಟಿಕ ಆಹಾರ. ಎರಡು ಪದದ ಎದುರು ಒಂದು ಇಡೀ ಹಾಳೆ. ಗೆದ್ದದ್ದು ಹಾಳೆಯೇ.

ಅಷ್ಟನ್ನೂ ಬಿಟ್ಟ ಮೇಲೆ ಉಳಿದದ್ದು ಬೆಳಿಗ್ಗೆ ಗಂಜಿ ಉಪ್ಪಿನಕಾಯಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಗಂಜಿ. ನಡುವೆ ಹಸಿವಾದರೆ ಚಹಾ ಜೊತೆ ಟೋಸ್ಟು. ಆರು ತಿಂಗಳಲ್ಲಿ ತೂಕ ಐದು ಕಿಲೋ ಏರಿತು. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. "ತಿನ್ನೋದೇ ಇಲ್ಲ ಮಾರಾಯ್ತಿ, ದಪ್ಪ ಆಗೋದು ಹೇಗೆ?" ಅಂತ ನನ್ನನ್ನೇ ಕೇಳಿದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಕೀಮೋ ದಿನಗಳಲ್ಲಿ ಮೈ ಸೋತು ಹಾಸಿಗೆ ಹಿಡಿದಾಗ ಮೊದಲು ಕರಗುವುದು ಸ್ನಾಯು. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ. ಮುಟ್ಟು ನಿಲ್ಲದ ವಯಸ್ಸಿನವರಿಗೆ ಚಿಕಿತ್ಸೆಯಿಂದಲೇ ಮುಟ್ಟು ನಿಲ್ಲಬಹುದು, ಆಗ ಮೈಯ ಲೆಕ್ಕಾಚಾರವೇ ಬದಲಾಗುತ್ತದೆ. ಹೀಗೆ ಸ್ನಾಯು ಇಳಿದು ಕೊಬ್ಬು ಏರುತ್ತದೆ. ತೂಕದ ಯಂತ್ರಕ್ಕೆ ಯಾವುದು ಎಷ್ಟು ಅಂತ ತಿಳಿಯುವುದಿಲ್ಲ. ಅದು ಒಟ್ಟು ಮೊತ್ತ ಮಾತ್ರ ತೋರಿಸುತ್ತದೆ.

ಒಂದು ದಿನ ಅವಳ ಊಟದ ಲೆಕ್ಕ ಹಾಕಿದೆ. ದಿನಕ್ಕೆ ಸುಮಾರು 200 ಗ್ರಾಂ ಅಕ್ಕಿ. ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಪ್ರೋಟೀನ್, ಅಂದರೆ ಒಟ್ಟು ಹದಿನೈದು. ಮಜ್ಜಿಗೆ, ಸಾರಿನ ತಳದ ಬೇಳೆ, ಟೋಸ್ಟು ಎಲ್ಲ ಸೇರಿಸಿದರೂ 25 ದಾಟಲಿಲ್ಲ. ಆರೋಗ್ಯವಂತರಿಗೇ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಒಂದು ಗ್ರಾಂಗಿಂತ ಹೆಚ್ಚೇ ಇರಲಿ ಅನ್ನುವುದು ಪೋಷಣಾ ತಜ್ಞರ ಸಲಹೆ. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ಚಿಕ್ಕಮ್ಮನ ತೂಕ 62 ಕಿಲೋ. ಬೇಕಾದ್ದರ ಅರ್ಧವೂ ಹೊಟ್ಟೆಗೆ ಹೋಗುತ್ತಿರಲಿಲ್ಲ. ಗೋಡೆಯ ಹಾಳೆಯಲ್ಲಿ ನಂಜು, ವಾಯು, ಕಫ ಅಂತ ಬರೆದಿದ್ದ ಮೀನು, ಮೊಟ್ಟೆ, ಉದ್ದು, ಹಾಲು, ಸೋಯಾ ನೋಡಿ. ಪ್ರೋಟೀನ್ ಇರುವುದನ್ನೆಲ್ಲ ಯಾರೋ ಹುಡುಕಿ ಹುಡುಕಿ ತೆಗೆದ ಹಾಗಿದೆ, ಅಲ್ವಾ?

ಹಾಗಂತ ನಂಜು ಅನ್ನುವ ಮಾತನ್ನು ಮೂಢನಂಬಿಕೆ ಅಂತ ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಬಂಗಡೆ ತಿಂದು ಮೈ ಕೆಂಪಾಗಿ ತುರಿಕೆ ಎದ್ದವರನ್ನು ನಮ್ಮ ಕರಾವಳಿಯಲ್ಲಿ ಎಲ್ಲರೂ ನೋಡಿದ್ದಾರೆ. ಅದಕ್ಕೆ ಕಾರಣ ಇದೆ. ಬಂಗಡೆ, ತಾರ್ಲೆ, ಕೇದಾರದಂಥ (ಟ್ಯೂನಾ) ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನನ್ನು ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಅಲರ್ಜಿ ಆದಾಗ ನಮ್ಮ ಮೈಯಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್ ಅಂದರೆ ಇದೇ. ಒಮ್ಮೆ ಆಯಿತೆಂದರೆ ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಐಸ್ ಪೆಟ್ಟಿಗೆ ಇಲ್ಲದ ಕಾಲದಲ್ಲಿ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಬರುತ್ತಿದ್ದಾಗ, ಗಾಯ ಇದ್ದವರು ಬಂಗಡೆ ಬಿಡುವುದು ಜಾಣತನವೇ ಆಗಿತ್ತು. ಆದರೆ ತಪ್ಪು ಮೀನಿನದಲ್ಲ, ಮಂಜುಗಡ್ಡೆ ಇಲ್ಲದೆ ಕಳೆದ ಗಂಟೆಗಳದ್ದು. ಹಿಡಿದಾಗಿನಿಂದ ಮಂಜುಗಡ್ಡೆಯಲ್ಲೇ ಇದ್ದು, ಕಿವಿರು ಕೆಂಪಗೆ, ಕಣ್ಣು ಹೊಳೆಯುವ ಬಂಗಡೆ ನಂಜಲ್ಲ. ನೂರು ಗ್ರಾಂ ಬಂಗಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್ ಇದೆ. ಮೀನೇ ಅಲರ್ಜಿ ಇದ್ದವರ ಮಾತು ಬೇರೆ.

ತಾರ್ಲೆಯದ್ದು ಇನ್ನೂ ಒಂದು ಕೈ ಮೇಲು. ಸ್ತನ ಕ್ಯಾನ್ಸರಿನಲ್ಲಿ ಹೆಚ್ಚಿನವು ಈಸ್ಟ್ರೋಜನ್ ಹಾರ್ಮೋನಿನ ಆಸರೆಯಲ್ಲಿ ಬೆಳೆಯುವಂಥವು. ಅಂಥವರಿಗೆ ಚಿಕಿತ್ಸೆ ಮುಗಿದ ಮೇಲೂ ಐದು ವರ್ಷ, ಕೆಲವರಿಗೆ ಹತ್ತು ವರ್ಷದವರೆಗೂ ಮಾತ್ರೆ ಇರುತ್ತದೆ. ಟಾಮೋಕ್ಸಿಫೆನ್ ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನು ಕೂತು ಅದಕ್ಕೆ ಅಡ್ಡ ಹಾಕುತ್ತದೆ. ಚಿಕ್ಕಮ್ಮನಿಗೆ ಬರೆದುಕೊಟ್ಟ ಲೆಟ್ರೋಝೋಲ್ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತದೆ. ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ. ಹಾಗಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಬೇಕು. ತಾರ್ಲೆಯನ್ನು ಹುಳಿ ಹಾಕಿ ನಿಧಾನಕ್ಕೆ ಬೇಯಿಸಿದರೆ ಮುಳ್ಳು ಮೆತ್ತಗಾಗುತ್ತದೆ. ಮುಳ್ಳಿನ ಸಮೇತ ತಿಂದರೆ ಎರಡೂ ಸಿಗುತ್ತವೆ. ಮೀನು ತಿನ್ನದವರಿಗೆ ಕ್ಯಾಲ್ಸಿಯಂಗಾಗಿ ರಾಗಿ, ಎಳ್ಳು, ಹಾಲು, ಮೊಸರು ಇವೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ. ನಮ್ಮಲ್ಲಿ ರಾಗಿ ಅಂದರೆ ಬೇಸಿಗೆಯಲ್ಲಿ ಕುಡಿಯುವ ಅಂಬಲಿ ಅಷ್ಟೇ. ಮಳೆಗಾಲದಲ್ಲಿ ಡಬ್ಬದ ಮುಚ್ಚಳವೇ ತೆರೆಯುವುದಿಲ್ಲ.

ಈಗ ಕೊಬ್ಬಿನ ವಿಷಯಕ್ಕೆ ಬರೋಣ, ಯಾಕೆಂದರೆ ಐದು ಕಿಲೋ ಏರಿದ್ದು ಸುಮ್ಮನೆ ಸೀರೆ ಬ್ಲೌಸಿನ ಸಮಸ್ಯೆಯಲ್ಲ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಮಾಡುವುದನ್ನು ನಿಲ್ಲಿಸುತ್ತದೆ. ಆಗ ಮುಖ್ಯ ಕಾರ್ಖಾನೆ ಕೊಬ್ಬಿನ ಅಂಗಾಂಶ. ಅಲ್ಲಿರುವ ಅರೋಮಟೇಸ್ ಅನ್ನುವ ಕಿಣ್ವ ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ಲೆಟ್ರೋಝೋಲ್ ತಡೆಯುವುದು ಇದೇ ಕಿಣ್ವವನ್ನು. ಒಂದು ಕಡೆ ಮಾತ್ರೆ ನುಂಗಿ ಕಾರ್ಖಾನೆಗೆ ಬೀಗ ಹಾಕುವುದು, ಇನ್ನೊಂದು ಕಡೆ ಅದೇ ಕಾರ್ಖಾನೆಗೆ ಹೊಸ ಕೋಣೆ ಕಟ್ಟುವುದು!

ಇದರ ಬಗ್ಗೆ ಅಮೆರಿಕದಲ್ಲಿ ಎರಡು ದೊಡ್ಡ ಪರೀಕ್ಷೆ ನಡೆದಿವೆ. ಎರಡರ ಉತ್ತರ ಬೇರೆ ಬೇರೆ ಬಂತು. ಮೊದಲನೆಯದರಲ್ಲಿ ಚಿಕಿತ್ಸೆ ಪಡೆದ 2,437 ಮಹಿಳೆಯರಿದ್ದರು. ಒಂದು ಗುಂಪಿನವರು ಎಣ್ಣೆ, ಬೆಣ್ಣೆಯಂಥ ಕೊಬ್ಬಿನ ಪದಾರ್ಥ ಚೆನ್ನಾಗಿ ಕಡಿಮೆ ಮಾಡಿದರು. ಅವರಲ್ಲಿ ಕಾಯಿಲೆ ಮರಳಿ ಬಂದವರು ಕಡಿಮೆ ಅಂತ 2006ರಲ್ಲಿ ವರದಿ ಬಂತು. ಎರಡನೆಯದರಲ್ಲಿ 3,088 ಮಹಿಳೆಯರು. ಒಂದು ಗುಂಪಿಗೆ ರಾಶಿ ತರಕಾರಿ, ತರಕಾರಿ ರಸ, ಹಣ್ಣು, ನಾರು ತಿನ್ನಿಸಿದರು. ಏಳು ವರ್ಷ ಗಮನಿಸಿದರೂ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಈ ವರದಿ ಬಂದದ್ದು 2007ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರ ಕಣ್ಣಿಗೆ ಬಿದ್ದದ್ದು ತೂಕ. ಮೊದಲ ಪರೀಕ್ಷೆಯಲ್ಲಿ ಕೊಬ್ಬು ಕಡಿಮೆ ಮಾಡಿದವರ ತೂಕ ಇನ್ನೊಂದು ಗುಂಪಿನವರಿಗಿಂತ ಎರಡೂವರೆ ಕಿಲೋಗೂ ಮಿಕ್ಕಿ ಇಳಿದಿತ್ತು. ಎರಡನೆಯದರಲ್ಲಿ ಇಳಿಯಲೇ ಇಲ್ಲ. ತೂಕವೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ದಿನಕ್ಕೆ ನಾಲ್ಕು ಲೋಟ ಸೊಪ್ಪಿನ ಜ್ಯೂಸ್ ಕುಡಿಯಿರಿ ಅಂತ ವಾಟ್ಸಾಪಿನಲ್ಲಿ ಹೇಳುವವರು ಈ ಎರಡನೇ ಪರೀಕ್ಷೆಯ ಕಥೆಯನ್ನು ಯಾವತ್ತೂ ಹೇಳುವುದಿಲ್ಲ.

ಶಿರಸಿ ಕಡೆ ನಮ್ಮ ಸ್ನೇಹಿತರ ಮನೆಯಲ್ಲೂ ಇಂಥದ್ದೇ ಚಿಕಿತ್ಸೆ ಮುಗಿಸಿ ಬಂದ ಅಮ್ಮ ಇದ್ದಾರೆ. ಮೀನಿನ ಪ್ರಶ್ನೆಯೇ ಇಲ್ಲ. ಅಲ್ಲಿ ಊಟಕ್ಕೆ ಕೂತರೆ ಬಾಳೆಎಲೆಯ ತುಂಬ ಹಸಿರು. ತೋಟದ ಅಂಚಿನಿಂದ ಕಿತ್ತು ತಂದ ಒಂದೆಲಗದ ತಂಬುಳಿ, ಮೊಗೆಕಾಯಿ ಹಶಿ, ಹರಿವೆ ಪಲ್ಯ, ಅಪ್ಪೆಹುಳಿ. ಇಷ್ಟೊಂದು ಬಗೆಯ ಸೊಪ್ಪು ತಿನ್ನುವ ಅಡುಗೆ ಎಷ್ಟಿದ್ದೀತು? ನನಗೆ ಹೊಟ್ಟೆಕಿಚ್ಚು. ಆದರೂ ಪ್ರೋಟೀನ್ ಲೆಕ್ಕ ಹಾಕಲು ಕೂತರೆ ಅಲ್ಲೊಂದು ತೂತು ಇದೆ. ತಂಬುಳಿಯಲ್ಲಿ ಸೊಪ್ಪು, ಕಾಯಿತುರಿ, ಮಜ್ಜಿಗೆ. ಹಶಿಯಲ್ಲಿ ತರಕಾರಿ, ಮೊಸರು. ಅಪ್ಪೆಹುಳಿಯಲ್ಲಿ ಮಾವು, ನೀರು, ಒಗ್ಗರಣೆ. ಬೇಳೆ ಎಲ್ಲಿ? ಇಷ್ಟೆಲ್ಲ ರುಚಿಗೆ ಅನ್ನ ಮಾತ್ರ ಮೂರು ಸಲ ಹಾಕಿಸಿಕೊಳ್ಳುತ್ತೇವೆ. ಆ ಅಮ್ಮ ಏನನ್ನೂ ಬಿಡಲಿಲ್ಲ. ಹೆಸರುಕಾಳು ಮೊಳಕೆ ಬರಿಸಿ, ಬೇಯಿಸಿ, ಅದಕ್ಕೇ ಒಗ್ಗರಣೆ ಹಾಕಿ ಊಟಕ್ಕೆ ಮೊದಲು ಒಂದು ಬಟ್ಟಲು ತಿನ್ನುತ್ತಾರೆ. ಆಮೇಲೆ ಅನ್ನ ತಾನಾಗಿ ಒಂದು ಸೌಟು ಕಡಿಮೆಯಾಯಿತಂತೆ. ಬೆಳಗಿನ ತೆಳ್ಳೇವಿನ (ತೆಳು ದೋಸೆ) ಜೊತೆ ಜೋನಿಬೆಲ್ಲದ ಬದಲು ಗಟ್ಟಿ ಚಟ್ನಿ. ಜೋನಿಬೆಲ್ಲ ಭಾನುವಾರಕ್ಕೆ.

ಬೆಲ್ಲ ಸಕ್ಕರೆಯಲ್ಲ ಅನ್ನುವವರು ಶಿರಸಿ, ಸಿದ್ದಾಪುರದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮೈಗೆ ಎರಡೂ ಹೆಚ್ಚುಕಡಿಮೆ ಒಂದೇ. ಇನ್ನು ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತದೆ ಅನ್ನುವ ಮಾತಿಗೆ ನೂರು ವರ್ಷದ ಇತಿಹಾಸವಿದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ ಅಂತ ಜರ್ಮನಿಯ ಓಟೋ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕುವ ಪೆಟ್ ಸ್ಕ್ಯಾನ್ ಕೆಲಸ ಮಾಡುವುದೇ ಈ ಗುಣದ ಮೇಲೆ. ಆದರೆ ನಾವು ಸಕ್ಕರೆ ಬಿಟ್ಟ ಮಾತ್ರಕ್ಕೆ ರಕ್ತದ ಗ್ಲೂಕೋಸ್ ಖಾಲಿಯಾಗುವುದಿಲ್ಲ. ಅನ್ನದಿಂದ, ಬೇಳೆಯಿಂದ, ಕೊನೆಗೆ ನಮ್ಮದೇ ಸ್ನಾಯುವನ್ನು ಕರಗಿಸಿಯಾದರೂ ಲಿವರ್ ಅದನ್ನು ತಯಾರಿಸಿಕೊಳ್ಳುತ್ತದೆ. ಮೆದುಳಿಗೆ ಅದು ಬೇಕಲ್ಲ. ಸಿಹಿ ಕಡಿಮೆ ಮಾಡಬೇಕಾದ್ದು ತೂಕಕ್ಕಾಗಿ, ಡಯಾಬಿಟಿಸ್‌ಗಾಗಿ. ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿಕೊಂಡದ್ದಕ್ಕೆ ಕಾಯಿಲೆ ಮರಳಿ ಬಂತು ಅಂತ ಯಾವ ಹೆಣ್ಣುಮಗಳೂ ತನ್ನನ್ನು ತಾನು ಬೈದುಕೊಳ್ಳಬೇಕಿಲ್ಲ.

ಸೋಯಾ ಮೇಲಿನ ಭಯಕ್ಕೆ ಕಾರಣ ಅದರಲ್ಲಿರುವ ಈಸ್ಟ್ರೋಜನ್ ಹೋಲುವ ಅಂಶ. ಹೋಲುತ್ತದೆ, ಆದರೆ ಬಲ ತೀರಾ ಕಡಿಮೆ. ಚೀನಾದ ಶಾಂಘೈಯಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 5,042 ಮಹಿಳೆಯರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಬಂತು. ಸೋಯಾ ಹೆಚ್ಚು ತಿಂದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆಯೇ ಇತ್ತು. ಸೋಯಾ ಔಷಧಿ ಅಂತ ಇದರರ್ಥವಲ್ಲ. ವಾರಕ್ಕೆರಡು ಸಲ ಸೋಯಾ ಚಂಕ್ಸ್ ಪಲ್ಯ ಮಾಡಿದರೆ ಹೆದರಬೇಕಿಲ್ಲ ಅಂತ ಅಷ್ಟೇ. ಸೋಯಾ ಸಾರದ ಮಾತ್ರೆ, ಪುಡಿ ಬೇಡ.

ಮಾತ್ರೆ, ಪುಡಿ, ಕಷಾಯಗಳ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ನಮ್ಮ ಜಿಲ್ಲೆಯಲ್ಲಿ ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸುವವರಿದ್ದಾರೆ. ಕ್ಯಾನ್ಸರ್ ಕೋಶಗಳ ಮೇಲೆ ಅದರ ಪರಿಣಾಮ ಕಂಡಿರುವುದು ಪ್ರಯೋಗಾಲಯದ ತಟ್ಟೆಯಲ್ಲಿ, ಮನುಷ್ಯರಲ್ಲಲ್ಲ. ಈ ಜಾತಿಯ ಹಣ್ಣು, ಎಲೆಗಳನ್ನು ವರ್ಷಗಟ್ಟಲೆ ಬಳಸುವ ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಇದಕ್ಕೂ ನಂಟಿದೆ ಅಂತ ಸಂಶೋಧಕರು 1999ರಲ್ಲೇ ಎಚ್ಚರಿಸಿದ್ದಾರೆ. ಅರಿಸಿನ ನೋಡಿ. ಸಾರಿಗೆ ಹಾಕುವ ಚಿಟಿಕೆ ಅರಿಸಿನದಿಂದ ತೊಂದರೆಯಿಲ್ಲ. ಆದರೆ ಅದರ ಸಾರ ತೆಗೆದು, ಕಾಳುಮೆಣಸಿನ ಅಂಶ ಸೇರಿಸಿದ ಮಾತ್ರೆಗಳಿವೆ. ಟಾಮೋಕ್ಸಿಫೆನ್ ಜೊತೆ ಅವನ್ನು ತಿಂದಾಗ ರಕ್ತದಲ್ಲಿ ಔಷಧಿಯ ಮಟ್ಟ ಇಳಿದದ್ದು ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಅಧ್ಯಯನದಲ್ಲಿ ಕಂಡಿದೆ. ಮನೆಮದ್ದು ಏನೇ ತಗೊಳ್ಳುವುದಿದ್ದರೂ ಡಾಕ್ಟರಿಗೆ ಹೇಳಿ. ಬೈದರೂ ಬೈಯಲಿ.

ತೆಂಗಿನಕಾಯಿ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಕಾಯಿ ಇಲ್ಲದ ಮೀನುಸಾರು ಸಾರೇ ಅಲ್ಲ. ಆದರೂ ಹೇಳಬೇಕು. ಕೀಮೋದಲ್ಲಿ ಕೊಡುವ ಕೆಂಪು ಔಷಧಿ ಡಾಕ್ಸೊರುಬಿಸಿನ್ ಕೆಲವರ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಹಾಗಾಗಿ ಹೃದಯ ಕಾಯುವುದೂ ಈಗ ಊಟದ ಕೆಲಸ. ಕಾಯಿಯ ಕೊಬ್ಬಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಚಿಕ್ಕಮ್ಮ ಒಂದು ಸಾರಿಗೆ ಅರ್ಧ ಕಾಯಿ ಹಾಕುತ್ತಿದ್ದಳು. ಈಗ ಕಾಲು ಕಾಯಿ ಹಾಕಿ, ಒಂದು ಈರುಳ್ಳಿ ಹುರಿದು ಅದರ ಜೊತೆ ಬೀಸುತ್ತಾಳೆ. ಸಾರು ಗಟ್ಟಿಯಾಗಿಯೇ ಇರುತ್ತದೆ. ಉಪ್ಪಿನಕಾಯಿಯ ಮಿಡಿಯನ್ನು ಅರ್ಧ ಮಾಡುತ್ತಾಳೆ. ಕುಸುಬಲಕ್ಕಿ ಗಂಜಿ ಹಾಗೆಯೇ ಇದೆ. ಅದನ್ನು ಯಾಕೆ ಬಿಡಬೇಕು? ಭತ್ತವನ್ನು ಕುದಿಸಿ ಒಣಗಿಸುವಾಗ ತೌಡಿನ ಬಿ ವಿಟಮಿನ್ ಕಾಳಿನೊಳಗೆ ಇಳಿದಿರುತ್ತದೆ. ಗಂಜಿಯ ಪಕ್ಕಕ್ಕೆ ಒಂದು ಬೇಯಿಸಿದ ಮೊಟ್ಟೆ, ಇಲ್ಲವೇ ಹುರಳಿ ಚಟ್ನಿ ಬಂದಿದೆ. ಸಂಜೆ ಟಾಗೋರ್ ಕಡಲತೀರದಲ್ಲಿ ಅರ್ಧ ಗಂಟೆ ನಡಿಗೆ. ಸ್ನಾಯುವಿಗೆ ಪ್ರೋಟೀನ್ ಕೊಟ್ಟು ಕೆಲಸ ಕೊಡದಿದ್ದರೆ ಅದು ಬೆಳೆಯುವುದಿಲ್ಲ.

ಗೋಡೆಯ ಹಾಳೆ ಒಂದೇ ದಿನ ಹರಿದು ಹೋಗಲಿಲ್ಲ. ಮೊದಲು ಹಾಲಿಗೆ ಗೀಟು ಬಿತ್ತು. ಆಮೇಲೆ ಮೊಟ್ಟೆಗೆ. ಬಂಗಡೆಗೆ ಬೀಳಲು ಮೂರು ತಿಂಗಳು ಬೇಕಾಯಿತು. ಕಳೆದ ಜೂನ್‌ನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದಾಗ, ಚಿಕ್ಕಮ್ಮ ಫೋನ್ ಮಾಡಿದ್ದಳು. "ಇನ್ನು 61 ದಿನ ಬೋಟು ಇಳಿಯೋದಿಲ್ಲ, ಒಣಮೀನು ಅಂದ್ರೆ ಬರೀ ಉಪ್ಪು, ಏನು ಮಾಡ್ಲಿ?" ಅಂತ ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಹುರಳಿ ನೆನೆಹಾಕಿದ್ದೇನೆ ಅಂತ ಅವಳೇ ಹೇಳಿದಳು. ಬದನೆಕಾಯಿಯನ್ನು ಮಾತ್ರ ಈಗಲೂ ಮುಟ್ಟುವುದಿಲ್ಲ. ಅದು ನಂಜೇ ಅಂತೆ. ನಾನು ಜಗಳಕ್ಕೆ ಹೋಗಿಲ್ಲ. ಬದನೆಕಾಯಿಯಲ್ಲಿ ಹೇಳಿಕೊಳ್ಳುವಷ್ಟು ಪ್ರೋಟೀನ್ ಇಲ್ಲ.