ಪ್ರತಿ ಗಿರಾಕಿಗೂ ಹೊಸದಾಗಿ ಒಲೆ ಹಚ್ಚುತ್ತಿದ್ದ ಕಾಲ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಪರಿಚಯದ ಹುಡುಗನೊಬ್ಬನಿಗೆ ಪಿಎಚ್‌ಪಿ ಎಂಬ ಭಾಷೆಯಲ್ಲಿ ಆರ್ಡರ್ ತಗೊಳ್ಳುವ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಡಿಸೈನ್ ನಂಬರ್, 28ರಿಂದ 36ರವರೆಗಿನ ಸೈಜ್, ಯಾವುದರಲ್ಲಿ ಎಷ್ಟು ಪೀಸ್ ಇದೆ, ಅಷ್ಟೇ. ಶುರುವಿನಲ್ಲಿ ಪಟ್ಟಂತ ತೆರೆಯುತ್ತಿತ್ತು. ಡಿಸೈನ್‌ಗಳು ನಾನೂರು ದಾಟುವ ಹೊತ್ತಿಗೆ ಒಂದು ಪೇಜಿಗೆ ಒಂಬತ್ತು ಸೆಕೆಂಡು.

"ಅಣ್ಣಾ, ಪೇಜ್ ಓಪನ್ ಆಗೋದ್ರೊಳಗೆ ಪಾರ್ಟಿ ಫೋನೇ ಮಾಡಿಬಿಡ್ತಾರೆ. ದೊಡ್ಡ ಸರ್ವರ್ ತಗೊಂಡುಬಿಡೋಣ್ವಾ?"

ದೊಡ್ಡ ಸರ್ವರ್ ಎಲ್ಲರಿಗೂ ಮೊದಲು ಹೊಳೆಯುವ ಮದ್ದು. ಆದರೆ ವೆಬ್ ಪೇಜ್ ತಯಾರಿಸುವ ಸ್ಕ್ರಿಪ್ಟ್‌ಗಳು, ಅಂದ್ರೆ ಚಿಕ್ಕ ಪ್ರೋಗ್ರಾಂಗಳು, ಈ ಮೂವತ್ತು ವರ್ಷದಲ್ಲಿ ಚುರುಕಾಗಿದ್ದರಲ್ಲಿ ದೊಡ್ಡ ಮೆಷಿನ್ನಿನ ಪಾಲು ನಾವು ಅಂದುಕೊಂಡಷ್ಟಿಲ್ಲ. ಮಾಡಿದ ಕೆಲಸವನ್ನೇ ಮತ್ತೆ ಮಾಡುವುದನ್ನು ಬಿಟ್ಟಿದ್ದೂ ಬಹಳ ಕೆಲಸಕ್ಕೆ ಬಂತು.

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಎಂಬ ಸಂಸ್ಥೆಯಲ್ಲಿ ಸಿಜಿಐ ಎನ್ನುವ ಪದ್ಧತಿ ಶುರುವಾಯಿತು. ಯಾರಾದರೂ ಪೇಜ್ ಕೇಳಿದರೆ ಸರ್ವರ್ ಒಂದು ಪ್ರೋಗ್ರಾಂ ಓಡಿಸಿ, ಅದು ಬರೆದುಕೊಟ್ಟದ್ದನ್ನು ಕಳಿಸುತ್ತಿತ್ತು. ಬಹಳ ಜನ ಇವನ್ನು ಪರ್ಲ್ ಎಂಬ ಭಾಷೆಯಲ್ಲಿ ಬರೆದರು. ತೊಂದರೆ ಏನೆಂದರೆ, ಕೇಳಿದ ಪ್ರತಿ ಸಲವೂ ಹೊಸ ಪ್ರೊಸೆಸ್ (ಮೆಮೊರಿಯಲ್ಲಿ ಓಡುತ್ತಿರುವ ಪ್ರೋಗ್ರಾಂ) ಹುಟ್ಟಬೇಕು, ಪರ್ಲ್ ಮೆಮೊರಿಗೆ ಬರಬೇಕು, ಸ್ಕ್ರಿಪ್ಟನ್ನು ಮೊದಲಿಂದ ಓದಬೇಕು. ಕೆಲಸ ಮುಗಿದ ಕೂಡಲೇ ಎಲ್ಲ ಮಾಯ.

ನಮ್ಮೂರ ಒಗ್ಗರಣೆ-ಮಿರ್ಚಿ ಗಾಡಿಯವನು ಹೀಗೆ ಮಾಡಿದರೆ ಹೇಗಿರುತ್ತೆ ನೋಡಿ. ಗಿರಾಕಿ ಬಂದ ಮೇಲೆ ಒಲೆ ಹಚ್ಚಬೇಕು, ಎಣ್ಣೆ ಕಾಯಿಸಬೇಕು, ಹಿಟ್ಟು ಕಲಸಬೇಕು. ಎರಡು ಮಿರ್ಚಿ ಕರಿದುಕೊಟ್ಟು ಎಣ್ಣೆ ಚೆಲ್ಲಿ ಒಲೆ ಆರಿಸಬೇಕು. ಮುಂದಿನ ಗಿರಾಕಿಗೆ ಮತ್ತೆ ಶುರುವಿನಿಂದ.

ಮೊದಲು ಮಾಡಿದ್ದು ಒಲೆ ಆರಿಸದೆ ಬಿಟ್ಟಿದ್ದು. 90ರ ದಶಕದ ನಡುವಿನಲ್ಲಿ ಬಂದ ಫಾಸ್ಟ್‌ಸಿಜಿಐ, ಮಾಡ್-ಪರ್ಲ್ ಎರಡರ ಉಪಾಯವೂ ಇದೇ: ಪ್ರೊಸೆಸ್ ಬದುಕಿರಲಿ, ಬಂದವರಿಗೆಲ್ಲ ಆ ಒಂದು ಪ್ರೊಸೆಸ್ಸೇ ಉತ್ತರ ಕೊಡಲಿ.

ಹಿಟ್ಟಿನ ವಿಷಯ, ಅಂದ್ರೆ ಸ್ಕ್ರಿಪ್ಟನ್ನು ಪ್ರತಿ ಸಲ ಮೊದಲಿಂದ ಓದುವುದು, ಮಾತ್ರ ಬಹಳ ದಿನ ಎಳೆಯಿತು. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರಬಿಟ್ಟ ಪಿಎಚ್‌ಪಿ ಊರೆಲ್ಲ ಹಬ್ಬಿತು. ಅದರ 3ನೇ ಆವೃತ್ತಿ ಸ್ಕ್ರಿಪ್ಟನ್ನು ಓದುತ್ತಾ ಓದುತ್ತಾನೇ ನಡೆಸುತ್ತಿತ್ತು. 2000ದಲ್ಲಿ ಬಂದ ಪಿಎಚ್‌ಪಿ 4 ಮೊದಲು ಪೂರ್ತಿ ಓದಿ, ಆಪ್‌ಕೋಡ್ ಎಂಬ ಚಿಕ್ಕ ಚಿಕ್ಕ ಆಜ್ಞೆಗಳಾಗಿ ಮಾಡಿಕೊಂಡು, ಆಮೇಲೆ ನಡೆಸಿತು. ಒಳ್ಳೇದೇ. ಆದರೆ ಪೇಜ್ ಮುಗಿದ ಮೇಲೆ ಆ ಆಪ್‌ಕೋಡನ್ನು ಬಿಸಾಕುತ್ತಿತ್ತು! ಅದನ್ನು ಇಟ್ಟುಕೊಳ್ಳೋಕೆ ಎಪಿಸಿಯಂಥ ಜೋಡಣೆಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಇದೇ ಕೆಲಸ ಮಾಡುವ ಆಪ್‌ಕ್ಯಾಶ್ ಪಿಎಚ್‌ಪಿ ಜೊತೆಗೇ ಬಂದಿದ್ದು 2013ರಲ್ಲಿ, 5.5ನೇ ಆವೃತ್ತಿಗೆ. ಇಷ್ಟು ಸರಳ ವಿಷಯಕ್ಕೆ ಹದಿಮೂರು ವರ್ಷ ಬೇಕಿತ್ತಾ ಅಂತ ನನಗೆ ಈಗಲೂ ಅನಿಸುತ್ತೆ.

ಅಷ್ಟರಲ್ಲಿ ಫೇಸ್‌ಬುಕ್‌ನವರು ಕಾಯುವ ಸ್ಥಿತಿಯಲ್ಲಿರಲಿಲ್ಲ. 2010ರಲ್ಲಿ ಪಿಎಚ್‌ಪಿಯನ್ನು ಸಿ++ ಎಂಬ ಚುರುಕಾದ ಭಾಷೆಗೆ ತಿರುಗಿಸುವ ಹಿಪ್‌ಹಾಪ್ ತೋರಿಸಿದರು. ಮುಂದೆ ಅದರ ಜಾಗಕ್ಕೆ, ಓಡುವಾಗಲೇ ಕೋಡನ್ನು ಮೆಷಿನ್ ಆಜ್ಞೆಗಳಾಗಿ ತಿರುಗಿಸುವ ಎಚ್‌ಎಚ್‌ವಿಎಂ ಬಂತು. ಇದನ್ನು ನೋಡಿ ಪಿಎಚ್‌ಪಿಯವರೂ ಸೊಂಟ ಕಟ್ಟಿದರು. ಮೆಮೊರಿಯಲ್ಲಿ ಡೇಟಾ ಇಡುವ ರೀತಿಯನ್ನೇ ತಿದ್ದಿ ಬರೆದರು. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಎಷ್ಟೋ ಸೈಟ್‌ಗಳು ಒಂದು ಸಾಲೂ ಬದಲಿಸದೆ ಸುಮಾರು ಎರಡು ಪಟ್ಟು ಚುರುಕಾದವು. 2020ರ ಪಿಎಚ್‌ಪಿ 8ರಲ್ಲೂ ಹಾಗೆ ಓಡುವಾಗಲೇ ತಿರುಗಿಸುವ ಜೆಐಟಿ ಬಂತು, ಸದ್ದೂ ಜೋರಾಗಿತ್ತು. ಆದರೆ ನಮ್ಮಂಥ ಮಾಮೂಲಿ ಸೈಟ್‌ಗಳಿಗೆ ಅದರಿಂದ ಸಿಕ್ಕಿದ್ದು ಕಡಿಮೆ. ಯಾಕಂದ್ರೆ ಇವುಗಳ ಹೊತ್ತು ಹೋಗುವುದು ಲೆಕ್ಕ ಮಾಡುವುದರಲ್ಲಲ್ಲ, ಡೇಟಾಬೇಸಿನ ಉತ್ತರಕ್ಕೆ ಕಾಯುವುದರಲ್ಲಿ.

ನಮ್ಮ ಜೀನ್ಸ್ ಸೈಟಿನ ಒಂಬತ್ತು ಸೆಕೆಂಡು ಸಿಕ್ಕಿದ್ದೂ ಅಲ್ಲೇ. ಮೊದಲು ನಮ್ಮ ಡೇಟಾಬೇಸ್ ಮೈಎಸ್‌ಕ್ಯುಎಲ್‌ನ ಸ್ಲೋ ಕ್ವೆರಿ ಲಾಗ್ ನೋಡಿದೆ. ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳಲ್ಲಿ (ಕ್ವೆರಿ) ತಡವಾದವನ್ನು ಬರೆದಿಡುವ ಪಟ್ಟಿ ಅದು. ಖಾಲಿ! ಸಮಯದ ಮಿತಿ ತಿದ್ದದಿದ್ದರೆ ಅದು ಹತ್ತು ಸೆಕೆಂಡು ಮೀರಿದ ಕ್ವೆರಿಯನ್ನಷ್ಟೇ ಬರೆದುಕೊಳ್ಳುತ್ತೆ. ನಮ್ಮಲ್ಲಿ ಒಂದೊಂದು ಕ್ವೆರಿಯೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಅಂಥವು ನಾನೂರಕ್ಕೂ ಹೆಚ್ಚು. ಡಿಸೈನ್‌ಗಳ ಪಟ್ಟಿ ತರೋಕೆ ಒಂದು, ಆಮೇಲೆ ಪ್ರತಿ ಡಿಸೈನಿಗೂ "ಇದರಲ್ಲಿ ಎಷ್ಟು ಪೀಸ್ ಇದೆ?" ಅಂತ ಮತ್ತೊಂದು. ಗೋಡೌನಿಗೆ ಒಂದು ಚೀಟಿ ಕಳಿಸಿದರೆ ಆಗುವ ಕೆಲಸಕ್ಕೆ ಹುಡುಗನನ್ನು ನಾನೂರು ಸಲ ಓಡಿಸಿದ ಹಾಗೆ. ಸಾಲದ್ದಕ್ಕೆ ಸ್ಟಾಕ್ ಟೇಬಲ್ಲಿನಲ್ಲಿ ಡಿಸೈನ್ ನಂಬರಿಗೆ ಇಂಡೆಕ್ಸೇ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇರಲಿಲ್ಲ. ಹೋದಾಗಲೆಲ್ಲ ಇಡೀ ರಾಶಿ ಹುಡುಕಬೇಕು. ಬರೆದವನು ನಾನೇ, ಯಾರನ್ನು ಬೈಯ್ಯಲಿ?

ಎರಡೂ ಟೇಬಲ್ ಸೇರಿಸಿ ಒಂದೇ ಕ್ವೆರಿ ಮಾಡಿದೆ, ಇಂಡೆಕ್ಸ್ ಹಾಕಿದೆ. ಅದೇ ಸರ್ವರಿನಲ್ಲೇ ಪೇಜ್ ಅರ್ಧ ಸೆಕೆಂಡಿನೊಳಗೆ ಬಂತು.

ಅಲ್ಲಿಗೆ ಸುಮ್ನಿರಬೇಕಿತ್ತು. ಇನ್ನೂ ಸ್ವಲ್ಪ ಉಳಿಸೋಣ ಅಂತ, ಫೈಲ್ ಬದಲಾಗಿದೆಯಾ ಅಂತ ಆಪ್‌ಕ್ಯಾಶ್ ಆಗಾಗ ನೋಡುವುದನ್ನೂ ನಿಲ್ಲಿಸಿದೆ. ರೇಟಿನ ಪಟ್ಟಿ ಒಂದು ಪಿಎಚ್‌ಪಿ ಫೈಲಿನಲ್ಲೇ ಇತ್ತು. ಹುಡುಗ ರೇಟ್ ಏರಿಸಿ ಫೈಲ್ ಹಾಕಿದ. ಸೈಟ್ ಹಳೇ ಕಲಸಿದ ಹಿಟ್ಟಿನಿಂದಲೇ ಕರಿಯುತ್ತಿತ್ತು. ಸಂಜೆ ಹೊತ್ತಿಗೆ ಹಳೇ ರೇಟಿಗೆ ಎರಡು ಆರ್ಡರ್ ಬಿದ್ದಿದ್ದವು, ಪಾರ್ಟಿಯವರು ಸ್ಕ್ರೀನ್‌ಶಾಟ್ ಬೇರೆ ಇಟ್ಟುಕೊಂಡಿದ್ದರು. ಮಾಲು ಆ ರೇಟಿಗೇ ಹೋಯಿತು. ಈಗ ರೇಟಿನ ಪಟ್ಟಿ ಡೇಟಾಬೇಸಿನಲ್ಲಿದೆ. ಆದರೂ ಹುಡುಗ ರೇಟ್ ಬದಲಿಸಿದಾಗಲೆಲ್ಲ ಫೋನ್ ಮಾಡಿ ಕೇಳ್ತಾನೆ: "ಅಣ್ಣಾ, ನಿಮ್ಮ ಮೊಬೈಲಲ್ಲಿ ಎಷ್ಟು ತೋರಿಸ್ತಿದೆ?"