ಎಲೆ ಮಗುಚಿ ನೋಡುವ ಕೆಲಸ: ಕಾಫಿ ತುಕ್ಕಿನ ಹಿಂದೆ ಬಾಳೆಹೊನ್ನೂರಿನ ನೂರು ವರ್ಷ

ಮಳೆ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ಮೂಡಿಗೆರೆ ಕಡೆ ಅರೇಬಿಕಾ ಕಾಫಿ ತೋಟ ಇರುವವರಿಗೆಲ್ಲ ಒಂದು ಚಾಳಿ ಶುರುವಾಗುತ್ತದೆ. ತೋಟದಲ್ಲಿ ಮಾತಾಡುತ್ತಾ ನಡೆಯುವಾಗಲೇ ಕೈಗೆ ಸಿಕ್ಕ ಎಲೆಯನ್ನು ಮಗುಚಿ ನೋಡುತ್ತಾರೆ. ಮಾತು ನಿಲ್ಲುವುದಿಲ್ಲ, ಕೈ ಮಾತ್ರ ಅದರ ಪಾಡಿಗೆ ಅದು ಮಗುಚುತ್ತಿರುತ್ತದೆ. ಎಲೆಯ ಅಡಿ ಹಸಿರಾಗಿದ್ದರೆ ಮುಂದಿನ ಗಿಡ. ಕಿತ್ತಳೆ ಬಣ್ಣದ ಪುಡಿ ಕಂಡರೆ ಮಾತು ಅಲ್ಲಿಗೇ ನಿಂತಿತು. ಹೆಬ್ಬೆರಳಲ್ಲಿ ಒರೆಸಿದರೆ ಅರಿಶಿನ ಮುಟ್ಟಿದ ಹಾಗೆ ಬಣ್ಣ ಹತ್ತುತ್ತದೆ. ಅದೇ ಎಲೆ ತುಕ್ಕು, ಬೂಜಿನಿಂದ ಬರುವ ಕಾಫಿ ರೋಗ.

ಈ ಪುಡಿಯ ಸಲುವಾಗಿಯೇ ನಮ್ಮ ಜಿಲ್ಲೆಯಲ್ಲಿ ಒಂದು ಸಂಶೋಧನಾ ಕೇಂದ್ರ ಹುಟ್ಟಿತು. ಬಾಳೆಹೊನ್ನೂರಿನ ಹತ್ತಿರ ಸೀಗೋಡಿನಲ್ಲಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ 1925ರಿಂದ ಲೆಕ್ಕ ಹಾಕಿದರೆ ನೂರು ವರ್ಷ ತುಂಬಿದೆ. ಹೊಸ ತಳಿ ಬಂತು, ವಿಚಾರ ಸಂಕಿರಣ ನಡೆಯಿತು, ವಿದ್ಯಾರ್ಥಿಗಳು ಭೇಟಿ ಕೊಟ್ಟರು ಅಂತ ಪತ್ರಿಕೆಯಲ್ಲಿ ಆಗಾಗ ಸಣ್ಣ ಸುದ್ದಿ ಬರುತ್ತದೆ. ಓದಿ ಪುಟ ತಿರುವುತ್ತೇವೆ. ಆದರೆ ಒಂದು ಪ್ರಶ್ನೆ ತೋಟದವರು ಕೇಳುತ್ತಲೇ ಇರುತ್ತಾರೆ. ನೂರು ವರ್ಷ ಓದಿದರೂ ಒಂದು ಬೂಜು ಯಾಕೆ ಹೋಗಲಿಲ್ಲ? ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. 17ನೇ ಶತಮಾನದ ಮಾತು. ಬೀಜ ಏಳೇ ಇದ್ದವಾ, ಎಪ್ಪತ್ತಿದ್ದವಾ ಅಂತ ಎಣಿಸಿದವರು ಯಾರೂ ಇಲ್ಲ. ಆದರೆ ಕಥೆಯಲ್ಲಿ ಒಂದು ನಿಜ ಇದೆ: ನಮ್ಮ ಹಳೇ ಅರೇಬಿಕಾ ಎಲ್ಲ ತೀರಾ ಕಡಿಮೆ ಗಿಡಗಳ ಸಂತಾನ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಇನ್ನೊಂದು ಗಿಡ ಬೇಕೇ ಬೇಕು ಅಂತಿಲ್ಲ. ಹಾಗಾಗಿ ತೋಟಕ್ಕೆ ತೋಟವೇ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುತ್ತದೆ. ಒಂದು ಗಿಡಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ.

ರೋಗ ಬಂದೂ ಬಿಟ್ಟಿತು. 1869ರಲ್ಲಿ ಸಿಂಹಳದ ತೋಟಗಳಲ್ಲಿ ತುಕ್ಕು ಕಂಡಿತು. ಆ ಬೂಜಿಗೆ ವಿಜ್ಞಾನಿಗಳು ಇಟ್ಟ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಕಣ ಮೂತ್ರಪಿಂಡದ ಆಕಾರ, ಒಂದು ಮೈ ನುಣುಪು, ಇನ್ನೊಂದು ಮೈ ಮುಳ್ಳು. ‘ಹೆಮಿಲಿಯಾ’ ಅಂದರೆ ಅರ್ಧ ನುಣುಪು. ‘ವಾಸ್ಟಾಟ್ರಿಕ್ಸ್’ ಅಂದರೆ ಹಾಳುಗೆಡವುವವಳು. ಹೆಸರಿಗೆ ತಕ್ಕ ಹಾಗೆ ನಡೆದುಕೊಂಡಿತು. ಸುಮಾರು ಎರಡು ದಶಕಗಳಲ್ಲಿ ಸಿಂಹಳದವರು ಕಾಫಿ ಕೈಬಿಟ್ಟು ಚಹಾ ನೆಟ್ಟರು.

ನಮ್ಮಲ್ಲಿ ಆಗ ಇದ್ದದ್ದು ‘ಚಿಕ್’ ಅನ್ನುವ ಹಳೇ ತಳಿ. ಚಿಕ್ಕಮಗಳೂರಿನ ಹೆಸರನ್ನೇ ಮೊಟಕು ಮಾಡಿ ಹಾಗೆ ಕರೆದರು ಎನ್ನುತ್ತಾರೆ. ಅದಕ್ಕೆ ತುಕ್ಕಿಗಿಂತ ಮೊದಲೇ ಇನ್ನೊಂದು ಕಾಟ ಇತ್ತು: ಕಾಂಡ ಕೊರೆಯುವ ಬೋರರ್ ಹುಳ. ಎರಡೂ ಸೇರಿ ಚಿಕ್ ತಳಿಯ ಕಥೆ ಮುಗಿಸಿದವು. ಆಮೇಲೆ ‘ಕೂರ್ಗ್’ ಅನ್ನುವ ತಳಿ ತಂದು ನೆಟ್ಟರು. ಚಿಕ್ಕಮಗಳೂರಿನಲ್ಲೂ, ಆಗ ಮಂಜರಾಬಾದ್ ಎನ್ನುತ್ತಿದ್ದ ಸಕಲೇಶಪುರದ ಕಡೆಯೂ ತೋಟಗಳು ಮತ್ತೆ ಚಿಗುರಿದವು. ಕೆಲವು ವರ್ಷಕ್ಕೆ ಕೂರ್ಗ್ ತಳಿಗೂ ತುಕ್ಕು ಹತ್ತಿತು.

ಮುಂದಿನ ಹೆಜ್ಜೆ ಇಟ್ಟವರು ವಿಜ್ಞಾನಿಯಲ್ಲ, ಒಬ್ಬ ಪ್ಲಾಂಟರ್. 1911ರಲ್ಲಿ ಎಲ್.ಪಿ. ಕೆಂಟ್ ಅನ್ನುವವರು ಮೈಸೂರು ಸೀಮೆಯ ತಮ್ಮ ತೋಟದಲ್ಲಿ ತುಕ್ಕು ಹತ್ತದೆ ನಿಂತಿದ್ದ ಗಿಡವೊಂದನ್ನು ಗುರುತಿಸಿ ಅದರ ಬೀಜ ಹಿಡಿದರು. ಅದೇ ‘ಕೆಂಟ್ಸ್’. ಸುತ್ತ ಎಲ್ಲ ಬೋಳಾದಾಗ ಒಂದೇ ಗಿಡ ಹಸಿರಾಗಿರುವುದು ಕಣ್ಣಿಗೆ ಬೀಳಬೇಕಲ್ಲ! ನನ್ನ ಮಟ್ಟಿಗೆ ನಮ್ಮ ಕಾಫಿ ಸಂಶೋಧನೆ ಶುರುವಾಗಿದ್ದು ಆ ಗಿಡದ ಬುಡದಲ್ಲಿ.

ಸರ್ಕಾರ ಆಮೇಲೆ ಬಂತು. 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು. ಆಗ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರು ಲೆಸ್ಲಿ ಕೋಲ್ಮನ್, ಕೆನಡಾದವರು. 1908ರಲ್ಲಿ ಇಲ್ಲಿಗೆ ಬಂದು ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿದ್ದರು. ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮ ಹಿರಿಯರಿಗೆ ರೂಢಿ ಮಾಡಿಸಿದ್ದು ಅವರ ಕಾಲದಲ್ಲಿ. ಅದೇ ಮದ್ದು ಕಾಫಿ ತುಕ್ಕಿಗೂ ಆಯಿತು.

ಬೋರ್ಡೋ ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ, ಇಷ್ಟೇ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿಯ ರೋಗಕ್ಕೆ 1885ರ ಸುಮಾರಿಗೆ ಕಂಡುಕೊಂಡ ಔಷಧಿ. ಕಾಫಿಗೆ ಅರ್ಧ ಪರ್ಸೆಂಟ್ ಸಾಕು: 200 ಲೀಟರಿನ ಬ್ಯಾರೆಲ್‌ಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತಾ ಸುರಿಯಬೇಕು. ಆಕಾಶದ ನೀಲಿ ಬಣ್ಣ ಬರುತ್ತದೆ. ಆಮೇಲೆ ಮೇಸ್ತ್ರಿ ಸೊಂಟದ ಕತ್ತಿ ತೆಗೆದು ಬ್ಯಾರೆಲ್‌ನಲ್ಲಿ ಅದ್ದಿ ಹಿಡಿಯುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನೊಂದಿಷ್ಟು ಹಾಕು. ಕತ್ತಿ ಹಾಗೇ ಬಂದರೆ ಸ್ಪ್ರೇ ಶುರು. ಲ್ಯಾಬ್ ಇಲ್ಲ, ಮೀಟರ್ ಇಲ್ಲ. ಈ ಪರೀಕ್ಷೆ ಇವತ್ತಿಗೂ ನಡೆಯುತ್ತದೆ.

ಕಷ್ಟ ಇರುವುದು ಹೊಡೆಯುವುದರಲ್ಲಿ. ತುಕ್ಕಿನ ಕಣ ಒಳಹೊಗುವುದು ಎಲೆಯ ಅಡಿಯಲ್ಲಿರುವ ಉಸಿರಾಟದ ರಂಧ್ರಗಳಿಂದ. ಮೇಲಿನಿಂದ ಎಷ್ಟು ನೀಲಿ ಹೊಯ್ದರೂ ಪ್ರಯೋಜನ ಇಲ್ಲ. ನಾಜಲ್ ಅನ್ನು ಗಿಡದೊಳಗೆ ತೂರಿಸಿ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ಅದೂ ಮುಂಗಾರಿಗೆ ಮುಂಚೆ ಒಂದು ಸಲ, ಮುಂಗಾರು ಇಳಿದ ಮೇಲೆ ಇನ್ನೊಂದು ಸಲ. ಮಲೆನಾಡಿನ ಮಳೆ ನಾವು ಹೇಳಿದ ದಿನ ಬಿಡುವು ಕೊಡುತ್ತದಾ? ಒಂದು ಸ್ಪ್ರೇ ತಪ್ಪಿದರೆ ಎಲೆ ಉದುರುತ್ತದೆ. ಎಲೆ ಇಲ್ಲದ ಕೊಂಬೆ ಸೊರಗುತ್ತದೆ, ಮುಂದಿನ ವರ್ಷದ ಹೂವು ಬರಬೇಕಾದದ್ದು ಅದೇ ಕೊಂಬೆಯಲ್ಲಿ. ಹಾಗಾಗಿ ತುಕ್ಕಿನ ಹೊಡೆತ ಜಾಸ್ತಿ ಗೊತ್ತಾಗುವುದು ಮರುವರ್ಷ, ಕಾಫಿ ಒಣಗಿಸುವ ಕಣದಲ್ಲಿ.

ಮದ್ದು ಹೊಡೆಯುವುದಕ್ಕಿಂತ ರೋಗವೇ ಹತ್ತದ ಗಿಡ ಇದ್ದರೆ ಚೆನ್ನ, ಅಲ್ವಾ? 1925ರಲ್ಲಿ ಬಾಳೆಹೊನ್ನೂರಿನಲ್ಲಿ ‘ಮೈಸೂರು ಕಾಫಿ ಪ್ರಯೋಗ ಕೇಂದ್ರ’ ಶುರುವಾದ ಮೇಲೆ ಹಿಡಿದ ದೊಡ್ಡ ಕೆಲಸ ಇದೇ. 1930ರ ದಶಕದಲ್ಲಿ ಅಲ್ಲಿ ಡಬ್ಲ್ಯು.ಡಬ್ಲ್ಯು. ಮೇಯ್ನ್ ಅನ್ನುವ ವಿಜ್ಞಾನಿ ಕಂಡುಕೊಂಡ ಸಂಗತಿ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಿತು. ತುಕ್ಕು ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ಕುಲಗಳಿವೆ. ನೋಡಲು ಎಲ್ಲ ಒಂದೇ ಕಿತ್ತಳೆ ಪುಡಿ. ಆದರೆ ಒಂದು ಕುಲ ಕೆಂಟ್ಸ್ ಎಲೆಯ ಮೇಲೆ ಬಿದ್ದರೆ ಸುಮ್ನೆ ಸಾಯುತ್ತದೆ, ಇನ್ನೊಂದು ಕುಲ ಅದೇ ಎಲೆಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಕಾಫಿ ತುಕ್ಕಿನಲ್ಲಿ ಹೀಗೆ ಕುಲಗಳಿವೆ ಎಂದು ಮೊದಲು ತೋರಿಸಿಕೊಟ್ಟದ್ದು ನಮ್ಮ ಭದ್ರಾ ದಡದ ಈ ಕೇಂದ್ರ. ಇವತ್ತು ಪ್ರಪಂಚದಲ್ಲಿ 50ಕ್ಕೂ ಹೆಚ್ಚು ಕುಲಗಳನ್ನು ಗುರುತಿಸಿದ್ದಾರೆ. ತೋಟದವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ನಾವು ಒಂದು ಬಾಗಿಲು ಹಾಕಿದರೆ ಬೂಜು ಇನ್ನೊಂದು ಕೀಲಿ ಮಾಡಿಕೊಂಡು ಬರುತ್ತದೆ.

ಇನ್ನರ್ಧ ಉತ್ತರ ಕಾಲದ್ದು. ಸಿಂಹಳ ಕೆಟ್ಟ ಮೇಲೆ, ತುಕ್ಕು ತಡೆಯುತ್ತದೆ ಎಂಬ ಆಸೆಯಿಂದ ಈ ಕಡೆ ಲೈಬೀರಿಕಾ ಅನ್ನುವ ಆಫ್ರಿಕಾದ ಕಾಫಿಯನ್ನೂ ತಂದಿದ್ದರು. ಮರದಷ್ಟು ಎತ್ತರ, ಹಲಸಿನ ಎಲೆಯನ್ನೂ ಮೀರಿಸುವ ದೊಡ್ಡ ಎಲೆ. ಅರೇಬಿಕಾದಲ್ಲಿ 44 ವರ್ಣತಂತು, ಲೈಬೀರಿಕಾದಲ್ಲಿ 22. ಇಬ್ಬರಿಗೂ ಸುಲಭಕ್ಕೆ ಸಂಬಂಧ ಕೂಡುವುದಿಲ್ಲ. ಆದರೂ ಯಾವುದೋ ತೋಟದಲ್ಲಿ, ಯಾರೂ ಮಾಡದೆ, ಎರಡೂ ಕೂಡಿ ಒಂದು ಗಿಡ ಹುಟ್ಟಿತ್ತು. ಅದು ಬಾಳೆಹೊನ್ನೂರಿನ ಲೆಕ್ಕದ ಪುಸ್ತಕಕ್ಕೆ ಎಸ್.26 ಅಂತ ಸೇರಿತು. ಅದರ ಸಂತಾನದಲ್ಲಿ ಆರಿಸಿದ್ದು ಎಸ್.288. ಎಸ್ ಅಂದರೆ ಸೆಲೆಕ್ಷನ್, ಆಯ್ಕೆ. ತುಕ್ಕನ್ನು ಚೆನ್ನಾಗಿ ತಡೆಯಿತು, ಆದರೆ ಬೀಜದ ಗುಣ ಸಾಲದು. ಅದಕ್ಕೆ ಒಳ್ಳೇ ಬೀಜ ಕೊಡುವ ಕೆಂಟ್ಸ್ ಜೊತೆ ಕೂಡಿಸಿದರು. 1940ರ ದಶಕದ ನಡುವೆ ಹೊರಗೆ ಬಂದದ್ದು ಎಸ್.795.

ನಮ್ಮ ಕಡೆ ಅದನ್ನು ‘ಸೆವೆನ್ ನೈಂಟಿಫೈವ್’ ಅನ್ನುತ್ತಾರೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಯೂ ಹಾಗೇ ಅನ್ನುತ್ತಾಳೆ. 80 ವರ್ಷ ಹಳೇ ತಳಿ, ಇವತ್ತಿಗೂ ಅರೇಬಿಕಾ ತೋಟದಲ್ಲಿ ಮೊದಲ ಸಾಲಿನಲ್ಲಿದೆ. ಇಂಡೋನೇಷ್ಯಾದವರೂ ಬೆಳೆಯುತ್ತಾರೆ. ತುಕ್ಕು ಅದಕ್ಕೆ ಹತ್ತುವುದಿಲ್ಲ ಅಂತಲ್ಲ. ಕೆಲವೇ ದಶಕಗಳಲ್ಲಿ ಅದನ್ನೂ ಮುಟ್ಟುವ ಕುಲ ಬಂತು. ಆದರೆ ಬೋರ್ಡೋ ಹೊಡೆದು ನೋಡಿಕೊಂಡರೆ ಗಿಡ ನಿಲ್ಲುತ್ತದೆ, ಕಪ್ಪಿನಲ್ಲಿ ರುಚಿಯೂ ಇರುತ್ತದೆ. ಲೈಬೀರಿಕಾದಿಂದ ಬಂದ ಆ ತುಣುಕನ್ನು ಈಚೆಗೆ ವಿಜ್ಞಾನಿಗಳು ಡಿಎನ್‌ಎಯಲ್ಲೇ ಗುರುತು ಹಿಡಿದಿದ್ದಾರೆ. ಸಸಿ ಇರುವಾಗಲೇ ಎಲೆ ಚೂರು ಪರೀಕ್ಷಿಸಿ ಯಾವುದರಲ್ಲಿ ಆ ಗುಣ ಇಳಿದಿದೆ ಅಂತ ಹೇಳಬಹುದು.

ಮುಂದೆ ಬಂದದ್ದು ‘ಕಾವೇರಿ’. ಇದರ ಕಥೆ ನಮ್ಮ ಮನೆಯದೂ ಹೌದು. 1927ರ ಸುಮಾರಿಗೆ ತಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದು ಸಿಕ್ಕಿತ್ತು. ಅದಕ್ಕೆ ಗಿಡ್ಡ ಜಾತಿಯ ಕಟುರಾ ಸೇರಿಸಿ ಮಾಡಿದ ಕ್ಯಾಟಿಮೋರ್ ಸಂತಾನವೇ ಕಾವೇರಿ. 1985ರಲ್ಲಿ ಬಿಡುಗಡೆಯಾಯಿತು. ಸೊಂಟದೆತ್ತರದ ಗಿಡ, ಗೆಣ್ಣು ಹತ್ತಿರ ಹತ್ತಿರ, ಮೂರನೇ ವರ್ಷಕ್ಕೇ ಕೊಂಬೆ ಬಾಗುವಷ್ಟು ಕಾಯಿ. ನಮ್ಮಪ್ಪ ರಸ್ತೆ ಪಕ್ಕದ ಎರಡು ಎಕರೆಗೆ ಅದನ್ನೇ ಹಾಕಿದರು. ದಾರಿಯಲ್ಲಿ ಹೋಗುವವರೆಲ್ಲ ಜೀಪು ನಿಲ್ಲಿಸಿ ನೋಡುತ್ತಿದ್ದರು. ಅಪ್ಪ ಆಗ ಸ್ವಲ್ಪ ಎದೆ ಉಬ್ಬಿಸಿ ನಡೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೆಲವು ವರ್ಷಕ್ಕೆ ಅದಕ್ಕೂ ತುಕ್ಕು ಹತ್ತಿತು. ಮೈತುಂಬ ಕಾಯಿ ಹೊತ್ತ ಗಿಡಕ್ಕೆ ಎಲೆ ಉದುರಿದರೆ ತಡೆಯಲು ಶಕ್ತಿ ಎಲ್ಲಿದೆ? ಉಳಿದದ್ದನ್ನು ಬೋರರ್ ನೋಡಿಕೊಂಡಿತು. ಒಂದು ಬೇಸಿಗೆಯಲ್ಲಿ ಅಷ್ಟನ್ನೂ ಕಿತ್ತು ಸೌದೆ ಮಾಡಿದೆವು.

ತಪ್ಪು ತಳಿ ಮಾಡಿದವರದೇ ಅನ್ನುವವರು ಊರಲ್ಲಿ ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಫಿ ಸಸಿ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಒಂದು ಮಿಶ್ರಣದ ಗುಣ ಸ್ಥಿರವಾಗಲು ಹಾಗೆ ನಾಲ್ಕೈದು ತಲೆಮಾರು ಬೆಳೆಸಬೇಕು. 20 ವರ್ಷ ಸುಲಭವಾಗಿ ಕಳೆಯುತ್ತದೆ. ರಾಗಿ, ಭತ್ತದ ಹಾಗೆ ವರ್ಷಕ್ಕೆರಡು ಬೆಳೆ ತೆಗೆದು ನೋಡುವ ಮಾತಲ್ಲ. ಕೆಲಸ ಶುರು ಮಾಡಿದ ವಿಜ್ಞಾನಿ ನಿವೃತ್ತಿಯಾಗುವ ಹೊತ್ತಿಗೆ ತಳಿ ಹೊರಗೆ ಬರುತ್ತದೆ. ತುಕ್ಕಿಗೋ, ಒಂದು ಮಳೆಗಾಲದಲ್ಲೇ ಎಷ್ಟೋ ತಲೆಮಾರು ಮುಗಿಯುತ್ತದೆ. ಆ ಇನ್ನರ್ಧ ಉತ್ತರ ಇದೇ. ಬಿಡುಗಡೆಯ ದಿನದ ಫೋಟೊ ಪೇಪರಿನಲ್ಲಿ ಬರುತ್ತದೆ. ಪರೀಕ್ಷೆಯ ರಿಸಲ್ಟ್ ಬರುವುದು ಅದಾಗಿ ಹದಿನೈದು ವರ್ಷಕ್ಕೆ, ನಮ್ಮಂಥವರ ತೋಟದಲ್ಲಿ.

ಬೋರರ್ ಬಗ್ಗೆ ಎರಡು ಮಾತು. ಅದು ಅರೇಬಿಕಾ ಕಾಂಡದ ಸಿಪ್ಪೆಯ ಬಿರುಕಲ್ಲಿ ಮೊಟ್ಟೆ ಇಡುವ ದುಂಬಿ. ಏಪ್ರಿಲ್ ಮೇ ಹೊತ್ತಿಗೆ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ಹಾರಾಡುತ್ತದೆ. ಅದಕ್ಕೆ ಬಿಸಿಲು ಇಷ್ಟ. ಮರಗಸಿ, ಅಂದರೆ ನೆರಳುಮರದ ಕೊಂಬೆ ಕಡಿಯುವುದು, ಜಾಸ್ತಿ ಮಾಡಿ ನೆರಳು ತೆಗೆದ ತೋಟ ಅದಕ್ಕೆ ಹಬ್ಬ. ನೆರಳು ಜಾಸ್ತಿಯಾಗಿ ಗಾಳಿ ಆಡದಿದ್ದರೆ ತೇವ ನಿಂತು ತುಕ್ಕಿಗೆ ಹಬ್ಬ. ಇವೆರಡರ ನಡುವೆ ನೆರಳಿಗೆ ಬೆಳೆಸಿದ ಹಾಲುವಾಣದ ಎಷ್ಟು ಕೊಂಬೆ ಕಡಿಯಬೇಕು ಅನ್ನುವುದೇ ತೋಟ ಮಾಡುವವನ ಜಾಣತನ. ಬೋರರ್ ಹತ್ತಿದ ಗಿಡ ಕಿತ್ತು ಸುಡುವುದು ಬಿಟ್ಟರೆ ಗಟ್ಟಿ ಉಪಾಯ ಇವತ್ತಿಗೂ ಇಲ್ಲ.

ಈ ಕಾಟ ಸಾಕಾಗಿ ಎಷ್ಟೋ ಜನ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದರು. ದೇಶದ ಕಾಫಿಯಲ್ಲಿ ಈಗ ಶೇಕಡಾ 70ರಷ್ಟು ರೊಬಸ್ಟಾ. ಅದರಲ್ಲೂ ಎಸ್.274, ಸಿ×ಆರ್ ಅಂತ ನಾವು ಹಾಕುವ ಗಿಡಗಳು ಇದೇ ಸಂಸ್ಥೆಯವು.

ಒಂದು ವಿಚಿತ್ರ ಗಮನಿಸಿ. ಇಷ್ಟೆಲ್ಲ ಸಂಶೋಧನೆ ನಡೆದದ್ದು ಯಾವ ವಿಶ್ವವಿದ್ಯಾಲಯದ ಒಳಗೂ ಅಲ್ಲ. 1940ರ ದಶಕದಲ್ಲಿ ಬಾಳೆಹೊನ್ನೂರಿನ ಈ ಕೇಂದ್ರವು ಕಾಫಿ ಮಂಡಳಿಯ ಕೈಗೆ ಹೋಯಿತು, ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಅಡಿ. ಅದೇ ಮಲೆನಾಡಿನ ಏಲಕ್ಕಿಗೆ ಮೂಡಿಗೆರೆಯಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ, ಮೂಡಿಗೆರೆ-1 ಅನ್ನುವ ಏಲಕ್ಕಿ ತಳಿ ಅಲ್ಲಿನದೇ. ಪಕ್ಕದಲ್ಲೇ ತೋಟಗಾರಿಕೆ ಕಾಲೇಜು. ಕಾಫಿ, ಏಲಕ್ಕಿ, ಮೆಣಸು ಮೂರೂ ನಮ್ಮ ತೋಟದಲ್ಲಿ ಒಂದೇ ಮರದ ಬುಡದಲ್ಲಿರುತ್ತವೆ. ಓದುವವರ ಆಫೀಸು ಮಾತ್ರ ಬೇರೆ ಬೇರೆ.

2007ರಲ್ಲಿ ‘ಚಂದ್ರಗಿರಿ’ ಬಂತು. ಇದರಲ್ಲೂ ಅದೇ ತಿಮೋರಿನ ರಕ್ತ, ಜೊತೆಗೆ ವಿಲ್ಲಾ ಸಾರ್ಚಿ ಅನ್ನುವ ಗಿಡ್ಡ ಜಾತಿ. ದಪ್ಪ ಕಡುಹಸಿರು ಎಲೆ, ತುಕ್ಕು ತಡೆಯುವ ಶಕ್ತಿ ಚೆನ್ನಾಗಿದೆ ಅನ್ನುವ ಹೆಸರು. ಕಾವೇರಿ ಹಾಕಿ ಕೈ ಸುಟ್ಟುಕೊಂಡವರು ಮಾತ್ರ ಇನ್ನೂ ದೂರದಲ್ಲೇ ನಿಂತು ನೋಡುತ್ತಾರೆ.

ಹೋದ ವರ್ಷ ಪಕ್ಕದ ತೋಟದ ಗೌಡರು ಕೆಳಗಿನ ಪಟ್ಟಿಗೆ ಸಸಿ ಇಡಿಸುತ್ತಿದ್ದರು. ನೋಡಿದರೆ ಒಂದು ಸಾಲು ಚಂದ್ರಗಿರಿ, ಒಂದು ಸಾಲು 795.

‘ಇದೇನು ಗೌಡ್ರೇ, ಒಂದನ್ನೇ ಹಾಕಬಾರದಿತ್ತಾ?’ ಅಂದೆ.

‘ಯಾವುದು ಉಳಿಯತ್ತೋ ಯಾರಿಗೊತ್ತು ಮಾರಾಯ್ರೇ? ನನ್ನ ಮೊಮ್ಮಗ ನೋಡಿ ಹೇಳ್ತಾನೆ ಬಿಡಿ’ ಅಂದರು. ಹೇಳುತ್ತಲೇ ಹಳೇ ಗಿಡವೊಂದರ ಎಲೆ ಮಗುಚಿದರು.