ಟ್ರಾಪಿಕಲ್ ಸ್ಟಾರ್ಮ್ ಅಂದ್ರೆ ಯಾವ ಹಂತ? 2024ರ ಫೆಂಗಲ್ ಚಂಡಮಾರುತ ಇಟ್ಕೊಂಡು ನೋಡೋಣ

ಜಿಯಾಗ್ರಫಿ ಓದೋವಾಗ ವಾಯುಭಾರ ಕುಸಿತ, ಟ್ರಾಪಿಕಲ್ ಸ್ಟಾರ್ಮ್, ಚಂಡಮಾರುತ, ಹರಿಕೇನ್ ಎಲ್ಲಾ ಕಲಸಿ ಗೋಜಲಾಗುತ್ತೆ, ಆದ್ರೆ ಹಂತ ಯಾವುದು ಅಂತ ತೀರ್ಮಾನ ಮಾಡೋದು ಗಾಳಿ ವೇಗ ಮಾತ್ರ, ಮಳೆ ಎಷ್ಟು ಸುರೀತು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲ್ಲ. ಇದೊಂದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸಲೀಸು.

ಹುಟ್ಟೋದು ಹೇಗೆ ಅಂದ್ರೆ, ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರ್ಬೇಕು, ಅಲ್ಲಿಂದ ಎದ್ದ ಆವಿ ಮೇಲೆ ಹೋಗಿ ಮೋಡ ಆಗುವಾಗ ಗುಪ್ತೋಷ್ಣ, ಅಂದ್ರೆ ಆವಿಯೊಳಗೆ ಅಡಗಿದ್ದ ಶಾಖ, ಹೊರಗೆ ಬರುತ್ತೆ, ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರಿ ಕೆಳಗೆ ಒತ್ತಡ ಕುಸಿಯುತ್ತೆ, ಸುತ್ತಲಿನ ಒದ್ದೆ ಗಾಳಿ ಒಳಗೆ ನುಗ್ಗುತ್ತೆ, ಭೂಮಿ ತಿರುಗೋದ್ರಿಂದ ಅದು ನೆಟ್ಟಗೆ ಬರದೆ ಸುತ್ತೋಕೆ ಶುರು ಮಾಡುತ್ತೆ. ನಮ್ಮ ಉತ್ತರಾರ್ಧಗೋಳದಲ್ಲಿ ಅಪ್ರದಕ್ಷಿಣವಾಗಿ. ಸಮಭಾಜಕದ ತೀರಾ ಹತ್ರ ಈ ತಿರುವು ಸಾಲಲ್ಲ, ಹಾಗಾಗಿ ಅಲ್ಲಿ ಇವು ಹುಟ್ಟೋದೇ ಅಪರೂಪ.

ಈಗ ಹೆಸರುಗಳು. ಅಟ್ಲಾಂಟಿಕ್ ಕಡೆ ಗಾಳಿ 34 ನಾಟ್, ಅಂದ್ರೆ ಗಂಟೆಗೆ ಸುಮಾರು 63 ಕಿ.ಮೀ. ಮುಟ್ಟಿದ್ರೆ ಟ್ರಾಪಿಕಲ್ ಸ್ಟಾರ್ಮ್, 64 ನಾಟ್ ಮುಟ್ಟಿದ್ರೆ ಹರಿಕೇನ್. ಪಶ್ಚಿಮ ಪೆಸಿಫಿಕ್‌ನಲ್ಲಿ ಅದೇ ಟೈಫೂನ್. ನಮ್ಮ ಹವಾಮಾನ ಇಲಾಖೆ 17 ನಾಟ್‌ಗೆ ಡಿಪ್ರೆಶನ್ (ವಾಯುಭಾರ ಕುಸಿತ), 28ಕ್ಕೆ ಡೀಪ್ ಡಿಪ್ರೆಶನ್, 34ಕ್ಕೆ ಸೈಕ್ಲೋನಿಕ್ ಸ್ಟಾರ್ಮ್ (ಅಲ್ಲಿನ ಟ್ರಾಪಿಕಲ್ ಸ್ಟಾರ್ಮ್ ಶುರುವಾಗೋ ಗೆರೆನೇ), 48ಕ್ಕೆ ಸಿವಿಯರ್, 64ಕ್ಕೆ ವೆರಿ ಸಿವಿಯರ್, ಹೀಗೆ ಸೂಪರ್ ಸೈಕ್ಲೋನ್ ತನಕ ಹೋಗುತ್ತೆ. ಅಮೆರಿಕದವ್ರು 1 ನಿಮಿಷದ ಸರಾಸರಿ ಗಾಳಿ ತಗೋತಾರೆ, ನಮ್ಮವ್ರು 3 ನಿಮಿಷದ್ದು, ಅದಕ್ಕೆ ಒಂದೇ ಬಿರುಗಾಳಿಗೆ ಎರಡು ಕಡೆ ಬೇರೆ ಬೇರೆ ಅಂಕಿ ಕಾಣುತ್ತೆ, ಎರಡೂ ಸರಿನೇ.

ಹೆಸರಿಡೋದೂ 34 ನಾಟ್ ಆದ್ಮೇಲೇ. 2024ರ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಡೀಪ್ ಡಿಪ್ರೆಶನ್ ಆಗಿ ದಿನಗಟ್ಟಲೆ ಎಳೆದಾಡಿ, 29ಕ್ಕೆ ಆ ಗೆರೆ ಮುಟ್ಟಿ ಸೌದಿ ಅರೇಬಿಯಾ ಕೊಟ್ಟಿದ್ದ ಫೆಂಗಲ್ ಅನ್ನೋ ಹೆಸರು ಪಡೀತು. ಪಟ್ಟಿಯಲ್ಲಿ ಅದು ಬರೀ ಸೈಕ್ಲೋನಿಕ್ ಸ್ಟಾರ್ಮ್, ಅಂದ್ರೆ ಹೆಸರಿರೋ ಹಂತಗಳಲ್ಲೇ ಕೆಳಗಿಂದು. ಆದ್ರೆ 30ರ ರಾತ್ರಿ ಪುದುಚೇರಿ ಹತ್ರ ದಡ ಮುಟ್ಟಿ ಮುಂದಕ್ಕೆ ಸರಿಯದೆ ಅಲ್ಲೇ ನಿಂತುಬಿಡ್ತು, ಊರಲ್ಲಿ ಒಂದೇ ದಿನಕ್ಕೆ 45 ಸೆಂ.ಮೀ.ಗಿಂತ ಹೆಚ್ಚು ಮಳೆ, ವಿಲ್ಲುಪುರಂ ಕಡೆ ಹಳ್ಳಿಗಳೆಲ್ಲ ನೀರಲ್ಲಿ, ತಿರುವಣ್ಣಾಮಲೈನಲ್ಲಿ ಗುಡ್ಡ ಕುಸಿದು ಮನೆಯೊಳಗಿದ್ದವ್ರು ಸತ್ತರು. ಗುಡ್ಡ ಕುಸಿಯೋ ಹೊತ್ತಿಗೆ ಫೆಂಗಲ್ ಪಟ್ಟಿಯಲ್ಲಿ ಚಂಡಮಾರುತವಾಗಿ ಉಳಿದೇ ಇರ್ಲಿಲ್ಲ. ಮಳೆ ಮಾತ್ರ ಅಲ್ಲಿಗೆ ಮುಗೀಲಿಲ್ಲ, ಉಳಿದಿದ್ದು ಪಶ್ಚಿಮಕ್ಕೆ ಸರಿದು ಬೆಂಗಳೂರು ನೆನೆಸಿ ದಕ್ಷಿಣ ಕನ್ನಡದ ತನಕ ಬಂತು.